ಹಗ್ಗ ಹಿಡಿದವರ ಪಾಲು

ದಡದಲ್ಲಿ ಊರವರೆಲ್ಲ ಸೇರಿ ರಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದಾಗಲೇ ನನ್ನ ಗಂಡನಿಗೆ ಕೆಮ್ಮು ಹತ್ತಿತು. ಉಗುಳಿ, ಕಾಲಿನಿಂದ ಮರಳು ಮುಚ್ಚಿದರು. ಬುಟ್ಟಿ ಹಿಡಿದು ನಿಂತಿದ್ದ ನಾನು ನೋಡಿಬಿಟ್ಟೆ.

ರಕ್ತ.

ಕುಮಟೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಟೀಬಿ. ಹೊರಗಿನಿಂದ ಬಂದ ಡಾಕ್ಟರೊಬ್ಬರು ಅಲ್ಲಿ ಹೊಸ ಮಾತ್ರೆಯೊಂದನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಒಪ್ಪಿದವರು ಆರು ತಿಂಗಳು, ವಾರಕ್ಕೆರಡು ಸಲ ಹೋಗಬೇಕು, ತಿಂಗಳಿಗೊಮ್ಮೆ ರಕ್ತ ಕೊಡಬೇಕು. ತಪ್ಪಿದ ಕೂಲಿಗೆ ದುಡ್ಡು ಕೊಡುತ್ತಾರೆ. ಆದರೆ ಪೂರ್ತಿ ಮುಗಿಸಿದವರಿಗೆ ಮಾತ್ರ, ಅದೂ ಕೊನೆಗೆ. ಇವರು ಹೆಬ್ಬೆಟ್ಟು ಒತ್ತಿದರು. ಹೊಳನಗದ್ದೆಯ ನಮ್ಮ ಮನೆ ನಡೆದದ್ದು ನನ್ನ ಮೀನುಬುಟ್ಟಿಯ ಮೇಲೆ.

ಕೆಮ್ಮು ನಿಂತಿತು. ದೇವರು ದೊಡ್ಡವನು ಎಂದುಕೊಂಡೆ. ನಾಲ್ಕನೇ ತಿಂಗಳಲ್ಲಿ ಊಟ ಬಿಟ್ಟರು. ಬಂಗಡೆ ಸಾರಿನ ವಾಸನೆಗೇ ಎದ್ದುಹೋಗುತ್ತಿದ್ದರು. ಒಂದು ಬೆಳಿಗ್ಗೆ ಅಂಗಳದಲ್ಲಿ ಮುಖ ತೊಳೆಯುವಾಗ ಅವರ ಕಣ್ಣು ನೋಡಿದೆ.

ಅರಿಶಿನ ಹಚ್ಚಿದ ಹಾಗಿತ್ತು.

"ಎಂತ ಇದು? ಡಾಕ್ಟ್ರಿಗೆ ಹೇಳಿದ್ರಾ?"

"ಸುಮ್ನಿರು ಮಾರಾಯ್ತಿ. ಹೇಳಿದ್ರೆ ಮಾತ್ರೆ ನಿಲ್ಲಿಸ್ತಾರೆ. ದುಡ್ಡು ಹೋತು. ನಾಲ್ಕು ತಿಂಗ್ಳು ಅಲೆದದ್ದೆಲ್ಲ ದಂಡ."

ನನಗೆ ಮೈಯೆಲ್ಲ ಉರಿಯಿತು. "ಆ ದುಡ್ಡಲ್ಲಿ ನಾ ಎಂತ ಮಾಡ್ಲಿ? ನಿಮ್ಮ ತಿಥಿ ಮಾಡ್ಲಾ?" ಎಂದು ಕೂಗಿದೆ. ಅಳುವೂ ಬಂತು. ಬುಟ್ಟಿ ಅಲ್ಲೇ ಬಿಟ್ಟು ಅವರನ್ನು ಬಸ್ಸು ಹತ್ತಿಸಿದೆ.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮಾತ್ರೆ ಲಿವರಿಗೆ ಆಗಿಬರಲಿಲ್ಲ, ಇವತ್ತಿಂದಲೇ ಬಂದ್ ಎಂದರು. ಇನ್ನೊಂದು ವಾರ ಮುಚ್ಚಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತಂತೆ.

"ಯಾಕೆ ಹೇಳಲಿಲ್ಲ?"

ಇವರ ಬದಲು ನಾನೇ ಬಾಯಿಬಿಟ್ಟೆ.

"ನಮ್ಮ ರಂಪಣಿಲಿ ಹಗ್ಗ ಹಿಡಿದವ್ರಿಗೆಲ್ಲ ಮೀನಲ್ಲಿ ಪಾಲು ಉಂಟು ಡಾಕ್ಟ್ರೇ. ಹಗ್ಗ ತಾಗಿ ಕೈ ಕೊಯ್ದು, ನಡುವೆ ಬಿಟ್ಟು ಕೂತವನಿಗೂ ಉಂಟು. ಕೊನೇ ತನಕ ಎಳೆದವ್ರಿಗೆ ಮಾತ್ರ ಅಂದ್ರೆ, ಕೈ ಕೊಯ್ದದ್ದು ಯಾರು ಹೇಳ್ತಾರೆ?"

ಡಾಕ್ಟರು ಪೆನ್ನು ತೆಗೆದು ಬರೆದುಕೊಂಡರು. "ನೀವು ಹೇಳಿದ್ದು ಸರಿ ಅಮ್ಮ. ಮೇಲಿನವರನ್ನು ಕೇಳುತ್ತೇನೆ" ಎಂದರು. ಮೇಲಿನವರು ಎಂದಾಗಲೇ ನಾನು ಆಸೆ ಬಿಟ್ಟೆ.

ಹದಿನೈದು ದಿನ ವಾರ್ಡಿನಲ್ಲಿ ಗ್ಲೂಕೋಸು, ಗಂಜಿ. ಬೆಳಿಗ್ಗೆ ಎದ್ದು ಅವರ ಕಣ್ಣು ನೋಡುವುದೇ ನನ್ನ ಕೆಲಸವಾಯಿತು. ಹಳದಿ ದಿನಕ್ಕಿಷ್ಟು ಇಳಿಯಿತು. ಆಮೇಲೆ ಟೀಬಿಗೆ ಎಲ್ಲರಿಗೂ ಕೊಡುವ ಹಳೆಯ ಇಂಜೆಕ್ಷನ್ನೇ ಶುರುಮಾಡಿ ಮನೆಗೆ ಕಳಿಸಿದರು. ಪೂರ್ತಿ ಗುಣವಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಈಗ ಬಂಗಡೆ ಸಾರು ಎರಡು ಸಲ ಹಾಕಿಸಿಕೊಳ್ಳುತ್ತಾರೆ, ಉಪ್ಪು ಕಡಿಮೆ ಎಂದು ನನ್ನನ್ನು ಬೈಯುತ್ತಾರೆ. ಬೈಯಲಿ. ಆ ಬೈಗುಳ ಕೇಳಿದರೆ ನನಗೆ ಹೊಟ್ಟೆ ತಣ್ಣಗಾಗುತ್ತದೆ.

ಹೋದ ವಾರ ತಪಾಸಣೆಗೆ ಹೋದೆವು. ಮೇಲಿನವರು ಒಪ್ಪಿದ್ದರಂತೆ. ಡಾಕ್ಟರು ಇವರ ನಾಲ್ಕು ತಿಂಗಳದ್ದು, ವಾರ್ಡಿನಲ್ಲಿ ಮಲಗಿದ ದಿನಗಳದ್ದು, ಎಲ್ಲ ದುಡ್ಡನ್ನೂ ಕೈಗೆ ಕೊಟ್ಟರು. ಆಮೇಲೆ ಹೊರಗೆ ಬಂದು, ಬೆಂಚಿನ ಮೇಲೆ ಕೂತ, ಹೊಸ ಮಾತ್ರೆ ನುಂಗುತ್ತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು: ಇನ್ನು ಬಂದ ದಿನದ ದುಡ್ಡು ಅವತ್ತೇ ಕೊಡುತ್ತೇವೆ. ತೊಂದರೆಯಾಗಿ ನಡುವೆ ಬಿಟ್ಟರೂ ಯಾರದೂ ಹೋಗುವುದಿಲ್ಲ.

ಬೆಂಚಿನ ತುದಿಯಿಂದ ತದಡಿಯ ಮುದುಕನೊಬ್ಬ ಎದ್ದು ನಿಂತ.

"ಡಾಕ್ಟ್ರೇ, ನಂಗೂ ಎಂಟು ದಿನದಿಂದ ಅನ್ನ ಸೇರೂದಿಲ್ಲ."

ಡಾಕ್ಟರು ಅವನ ಭುಜ ಹಿಡಿದು ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋದರು.