ಕಿಟಕಿ ಮುಚ್ಚಿ ಹಾಡಿದವರು

ಗಂಟಲಿಗೆ ಆಪರೇಷನ್ ಆದಮೇಲೆ ನನ್ನ ಮೊಮ್ಮಗಳು ಆರು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಗಾಯ ಮಾಯ್ದಿತ್ತು, ಹೆದರಿಕೆ ಮಾಯ್ದಿರಲಿಲ್ಲ.

ಮಗಳ ಬಲವಂತಕ್ಕೆ ನಾವಿರುವ ತುಂಬ ಎಂಬ ಊರಿನಿಂದ ಕೊಚ್ಚಿಗೆ ಹೋದೆವು, ಇರಾನಿನ ವಯಸ್ಸಾದ ಗಾಯಕಿಯೊಬ್ಬರ ಕಛೇರಿಗೆ. ಅವರ ದೇಶದಲ್ಲಿ ಹೆಂಗಸು ಗಂಡಸರೆದುರು ಒಬ್ಬಳೇ ಹಾಡುವ ಹಾಗಿಲ್ಲವಂತೆ. ಎಷ್ಟೋ ವರ್ಷ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹೊದಿಕೆ ತುರುಕಿ, ಹುಡುಗಿಯರಿಗೆ ಪಾಠ ಹೇಳಿದರಂತೆ. ಮಗಳು ನನ್ನ ಕಿವಿಯಲ್ಲಿ ಇದನ್ನು ಹೇಳುವಾಗ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಹಾಡು ಶುರುವಾದಾಗ ಎದ್ದು ಕೂತಿತು. ಗಂಟಲಲ್ಲಿ ಸಿಕ್ಕಿಬಿದ್ದ ಹಕ್ಕಿ ರೆಕ್ಕೆ ಬಡಿದ ಹಾಗೆ ಆ ದನಿ ಒಡೆದೊಡೆದು ಏರುತ್ತಿತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಒಳಕೋಣೆಯಿಂದ ಅದೇ ಮುದುಕಿಯ ದನಿ ಬಂತು. ಸೊಪ್ಪು ಅಲ್ಲೇ ಬಿಟ್ಟು ಎದ್ದೆ. ಬಾಗಿಲು ತಳ್ಳಿದರೆ ಅಡಿಯಲ್ಲಿ ಹೊದಿಕೆ ಸಿಕ್ಕಿಕೊಂಡಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಕತ್ತಲಲ್ಲಿ ಮಗು ಒಂದೇ ಕೂತಿತ್ತು.

“ಅಜ್ಜೀ, ಆರೆಂಗಿಲುಂ ಕೇಟ್ಟೋ?” ಎಂದಿತು. ಯಾರಿಗಾದರೂ ಕೇಳಿಸಿತಾ ಎಂದು, ಮಲಯಾಳದಲ್ಲಿ.

“ಕೇಳಲಿ ಬಿಡೇ ನನ್ನ ಬಂಗಾರ, ಬೀದಿಗೆಲ್ಲ ಕೇಳಲಿ!” ಅಳುತ್ತ ನಗುತ್ತ ಕಿಟಕಿಗಳನ್ನೆಲ್ಲ ತೆಗೆದೆ. ಅವಳು ಮತ್ತೆ ಹಾಡಿದಳು, ಈ ಸಲ ತನ್ನದೇ ಎಳೆಯ ದನಿಯಲ್ಲಿ.

ಹೊದಿಕೆಯ ವಿಷಯ ನಿನಗೆ ಯಾರು ಹೇಳಿದರೆಂದು ನಾನು ಇವತ್ತಿಗೂ ಅವಳನ್ನು ಕೇಳಿಲ್ಲ.