ಶಾಸನ ಓದಿದ ಕೂಲಿ

ಶಾಲೆಯಿಂದ ನಿವೃತ್ತಳಾದ ಮೇಲೆ ನಾನು ಬಂದಳಿಕೆಯ ಶಾಸನಗಳನ್ನು ಓದಿ, ಅವುಗಳ ಅರ್ಥ ಬರೆದು ವಿದೇಶದ ಒಂದು ಪತ್ರಿಕೆಗೆ ಕಳಿಸಿದೆ. ಅವರು ಅರವತ್ತು ಪೌಂಡಿನ ಚೆಕ್ ಕಳಿಸಿದರು. ಶಿಕಾರಿಪುರದ ಬ್ಯಾಂಕಿನ ಕೌಂಟರಿನಲ್ಲಿದ್ದ ಹುಡುಗಿ ಅಂಥದ್ದನ್ನು ಕಂಡೇ ಇರಲಿಲ್ಲ.

“ಮೇಡಂ, ಇದು ಆ ದೇಶಕ್ಕೇ ಹೋಗಿ ಪಾಸಾಗಿ ಬರ್ಬೇಕ್ರೀ. ಎರಡು ತಿಂಗಳಾಗುತ್ರಿ. ಕಮಿಷನ್ನಿಗೇ ಅರ್ಧ ಹೋಗುತ್ತೆ. ಫ್ರೇಮ್ ಹಾಕ್ಸಿ ಮನೇಲಿಟ್ಕೊಳ್ರಿ.”

“ಇಲ್ಲಮ್ಮ, ಇದು ನಾನು ದುಡಿದ ಕೂಲಿ. ಎಷ್ಟು ಮುರ್ಕೊಳ್ತೀರಿ, ಯಾವ ದಿನದ ರೇಟು ಕೊಡ್ತೀರಿ, ಬರ್ದುಕೊಡು,” ಎಂದೆ.

ಆಕೆ ಮ್ಯಾನೇಜರರನ್ನು ಕೇಳಿ ಬಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು: ಹಣ ಬಂದ ದಿನದ ದರ, ಒಂದೇ ಸಲ ಶುಲ್ಕ.

ಒಂಬತ್ತು ವಾರಗಳ ನಂತರ ಹಣ ಜಮೆಯಾಯಿತು. ಪಾಸ್‌ಬುಕ್ ನೋಡಿದರೆ ಶುಲ್ಕವನ್ನು ಎರಡು ಸಲ ಕಳೆದಿದ್ದರು. ಆ ಚೀಟಿ ಹಿಡಿದು ನೇರವಾಗಿ ಮ್ಯಾನೇಜರರ ಎದುರು ಕುಳಿತೆ. ಅವರು ಕಂಪ್ಯೂಟರಿನಲ್ಲಿ ಹುಡುಕಿ, “ತಪ್ಪು ನಮ್ದೇ ರೀ ಮೇಡಂ,” ಎಂದು ನಾನಿರುವಾಗಲೇ ಒಂದು ಶುಲ್ಕವನ್ನು ಖಾತೆಗೆ ಮರಳಿ ಹಾಕಿಸಿದರು.

ಆ ಸಂಜೆ ಪತ್ರಿಕೆಗೆ ಬರೆದೆ. ಇನ್ನು ಮುಂದೆ ಚೆಕ್ ಬೇಡ, ನೇರ ಖಾತೆಗೆ ಹಾಕಿ ಎಂದೆ. ಒಂದು ಶಾಸನಕ್ಕೆ ಕೊಡುವ ಹಣ ಸಾಲದು, ಹೆಚ್ಚಿಸಿ ಎಂದೂ ಸೇರಿಸಿದೆ. ಅವರು ಎರಡಕ್ಕೂ ಒಪ್ಪಿದರು.