ಕಣ್ಣು ಮುಚ್ಚಿ ಆಡುವ ಮಾತು

ನನಗೆ ಪ್ರಾರ್ಥನೆ ಚೆನ್ನಾಗಿ ಬರುತ್ತದೆ. ಹೀಗೆ ಹೇಳಿಕೊಳ್ಳುವುದು ವಿನಯವಲ್ಲ ಎಂದು ಗೊತ್ತು. ಆದರೆ ವಿನಯ ಬೇಕೆಂದೂ ನಾನು ಬಹಳ ಚೆನ್ನಾಗಿ ಪ್ರಾರ್ಥಿಸಬಲ್ಲೆ. ಕೋಡಿಂಬಾಳದ ಸುತ್ತಮುತ್ತ ನಮ್ಮವರ ಮನೆ ಒಕ್ಕಲಾದರೆ, ಮಗು ಹುಟ್ಟಿದರೆ, ರಬ್ಬರ್ ಶೀಟು ಒತ್ತುವ ಹೊಸ ಮೆಷಿನು ಬಂದರೆ, ಬೇಬಿಚ್ಚಾಯ ಒಂದು ಪ್ರಾರ್ಥನೆ ಮಾಡಲಿ ಎನ್ನುತ್ತಾರೆ. ಬೇಬಿ ಎಂದರೆ ನಾನೇ. ವಯಸ್ಸು ಐವತ್ತೆಂಟು. ಕೇರಳದಿಂದ ಬಂದ ನಮ್ಮ ಕ್ರೈಸ್ತ ಮನೆಗಳಲ್ಲಿ ಕಿರಿಯ ಮಗನಿಗೆ ಇಂಥದೊಂದು ಹೆಸರು ಅಂಟಿಕೊಂಡರೆ ಆಮೇಲೆ ಅದನ್ನು ಬಿಡಿಸಲು ಯಾರಿಗೂ ನೆನಪಾಗುವುದಿಲ್ಲ.

ನನ್ನ ಪ್ರಾರ್ಥನೆಯಲ್ಲಿ ವಿವರ ಜಾಸ್ತಿ. ಪುತ್ತೂರಿನ ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದರೆ, ಎರಡನೇ ಮಹಡಿ, ಎಡಗಡೆಯ ಮೂರನೇ ಕೋಣೆ ಎಂದು ಕರ್ತನಿಗೆ ವಿವರವಾಗಿ ತಿಳಿಸುತ್ತೇನೆ. ಅವನಿಗೆ ದಾರಿ ತಪ್ಪೀತು ಎಂಬ ಭಯದಿಂದಲ್ಲ. ಪ್ರಾರ್ಥನೆಗೆ ಕೂತವರಲ್ಲಿ ಯಾರಾದರೂ ನೋಡಲು ಹೋಗುವುದಿದ್ದರೆ ಅನುಕೂಲವಾಗಲಿ ಎಂದು.

ಹೊರಗಿನವರಿಗೆ ತಿಳಿಯದ ಇನ್ನೊಂದು ಅನುಕೂಲವೂ ಇದರಲ್ಲಿದೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಎಲ್ಲರೂ ಮೊಣಕಾಲೂರಿ, ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಪ್ರಾರ್ಥಿಸುವುದು ವಾಡಿಕೆ. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಲೋಕದಲ್ಲಿ ಗಂಡಂದಿರಿಗೆ ಇಂಥ ಅವಕಾಶ ಬೇರೆಲ್ಲಿಯೂ ಸಿಗದು. ತಂಗಿಯೊಡನೆ ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡುವವರಿಗೆ ಮಿತಭಾಷೆ ದಯಪಾಲಿಸು ಎಂದು ನಾನು ಬೇಡುತ್ತೇನೆ. ಮುಂದಿನ ಸರದಿ ನನ್ನ ಹೆಂಡತಿ ಲೀಲಮ್ಮನದು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವವರನ್ನು ಸಹಿಸುವ ಶಕ್ತಿ ಕೊಡು ಎಂದು ಅವಳು ಬೇಡುತ್ತಾಳೆ. ಇದನ್ನೇ ಎದುರೆದುರು ಹೇಳಿದರೆ ಜಗಳ. ಕಣ್ಣು ಮುಚ್ಚಿ ಹೇಳಿದರೆ ಭಕ್ತಿ. ನಮ್ಮ ಸಂಸಾರ ಮೂವತ್ತು ವರ್ಷ ಹೀಗೆ ದೇವರ ಮುಖಾಂತರ ಸುಸೂತ್ರವಾಗಿ ನಡೆದಿದೆ.

ಸುಸೂತ್ರವಾಗಿ ನಡೆಯದೆ ಹೋದದ್ದು ಅಣ್ಣನ ವಿಷಯದಲ್ಲಿ. ಅವನ ಹೆಸರು ಕುರಿಯಚ್ಚನ್. ನಾನು ನಮ್ಮ ಮಲಯಾಳದಲ್ಲಿ ಚೇಟಾಯಿ ಎನ್ನುತ್ತೇನೆ. ನಮ್ಮಿಬ್ಬರ ಮನೆಗಳ ನಡುವೆ ಇನ್ನೂರು ಹೆಜ್ಜೆ ದೂರ, ಮಧ್ಯದಲ್ಲಿ ಒಂದು ಹಲಸಿನ ಮರ. ಅಪ್ಪ ಈ ಊರಿಗೆ ಬಂದ ವರ್ಷ ನೆಟ್ಟದ್ದು. ಮೂರೂವರೆ ವರ್ಷದ ಹಿಂದೆ ನಾನು ಮಗಳ ಮನೆಗೆಂದು ಕಲ್ಲುಗುಂಡಿಗೆ ಹೋಗಿ ಎರಡು ದಿನ ಕಳೆದು ಬರುವಾಗ ಮರ ಇರಲಿಲ್ಲ. ಚೇಟಾಯಿ ತನ್ನ ಮನೆಗೆ ಹೊಸ ಬಾಗಿಲು ಮಾಡಿಸಲು ಕಡಿಸಿದ್ದ. ನನ್ನಲ್ಲಿ ಒಂದು ಮಾತು ಕೇಳಿರಲಿಲ್ಲ.

ನಾನು ಜಗಳಕ್ಕೆ ಹೋಗಲಿಲ್ಲ. ಮಾತು ಬಿಟ್ಟೆ, ಮತ್ತು ಪ್ರಾರ್ಥಿಸಿದೆ. ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಸರದಿಯ ಪ್ರಕಾರ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತದೆ. ಅಲ್ಲಿ ಚೇಟಾಯಿ ನಾಲ್ಕು ಮಾರು ದೂರದಲ್ಲಿ ಕೂತಿರುವಾಗ, ಕೇಳದೆ ಕಡಿಯುವವರಿಗೆ ವಿವೇಕ ಕೊಡು ಕರ್ತನೇ ಎಂದೆ. ಮರುವಾರ ಅವನು, ಮನುಷ್ಯನಿಗಿಂತ ಮರ ದೊಡ್ಡದು ಎನ್ನುವವರ ಕಣ್ಣು ತೆರೆಸು ಎಂದ. ಕೂಟದವರು ಎರಡಕ್ಕೂ ಸಮಾನ ಭಕ್ತಿಯಿಂದ ತಲೆಯಾಡಿಸಿ, ಬೇಯಿಸಿದ ಮರಗೆಣಸು ಮತ್ತು ಮೀನುಸಾರು ತಿಂದು ಮನೆಗೆ ಹೋಗುತ್ತಿದ್ದರು. ಮೂರು ವರ್ಷ ಹೀಗಾಯಿತು. ಯೇಸು ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ಕ್ಷಮಿಸುವ ಒಂದು ಸಾಲಿದೆ. ಆ ಸಾಲು ಬರುವಾಗ ನನಗೆ ಸರಿಯಾಗಿ ಕೆಮ್ಮು ಬರುತ್ತಿತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಲೀಲಮ್ಮ ಸುದ್ದಿ ತಂದಳು. ಚೇಟಾಯಿಯ ಹೊಟ್ಟೆಯಲ್ಲಿ ಗಡ್ಡೆಯಂತೆ, ಮಂಗಳವಾರ ಮಂಗಳೂರಿನಲ್ಲಿ ಆಪರೇಷನ್ ಅಂತೆ, ತೆರೆದು ನೋಡದೆ ಏನೂ ಹೇಳುವ ಹಾಗಿಲ್ಲವಂತೆ. ನಾನು ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕತ್ತಿ ಹಿಡಿದು ತೋಟಕ್ಕೆ ಹೋದೆ. ಆ ಕತ್ತಿ ಹಿಡಿಯಲು ಕಲಿಸಿದವನು ಅವನೇ. ನನ್ನ ಕೈಯ ಮೇಲೆ ತನ್ನ ಕೈಯಿಟ್ಟು, ತೊಗಟೆ ಮಾತ್ರ ಕೀಸಬೇಕು, ಮರಕ್ಕೆ ಗಾಯ ಆಗಬಾರದು ಎಂದು ಒಂದು ತಿಂಗಳು ಜೊತೆಗೇ ನಡೆದಿದ್ದ.

ರಬ್ಬರ್ ಮರಗಳ ನಡುವೆ ಮೊಣಕಾಲೂರಿದೆ. ಮಾತು ಬರಲಿಲ್ಲ. ಕೂಟದಲ್ಲಿ ಮುಕ್ಕಾಲು ಗಂಟೆ ನಿಲ್ಲದೆ ಪ್ರಾರ್ಥಿಸುವವನಿಗೆ ಅಲ್ಲಿ ಒಂದು ವಾಕ್ಯವೂ ಹೊರಡಲಿಲ್ಲ. ಕಾರಣ ಯೋಚಿಸಿದೆ: ಕೇಳುವವರು ಯಾರೂ ಇರಲಿಲ್ಲ. ದೇವರು ಇದ್ದ, ನಿಜ. ಆದರೆ ಇಷ್ಟು ವರ್ಷ ನಾನು ಅವನಿಗೆ ಹೇಳಿ ಅಭ್ಯಾಸವೇ ಮಾಡಿಕೊಂಡಿರಲಿಲ್ಲ. ಅವನ ಮೂಲಕ ಇನ್ನೊಬ್ಬರಿಗೆ ಹೇಳುತ್ತಿದ್ದೆ. ಪೋಸ್ಟ್‌ಮ್ಯಾನನ ಹತ್ತಿರ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲವಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಣ್ಣ ಸತ್ತುಹೋದರೆ ಎಂಬ ಹೆದರಿಕೆ.

ಆ ಭಾನುವಾರದ ಕೂಟ ಸರದಿಯ ಪ್ರಕಾರ ಚೇಟಾಯಿಯ ಮನೆಯಲ್ಲೇ ಬಿತ್ತು. ಅವನ ಮನೆಯ ಸರದಿ ಬಂದಾಗಲೆಲ್ಲ ತಪ್ಪಿಸಿಕೊಳ್ಳುತ್ತಿದ್ದವನು ಮೂರು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದೆ. ಹಲಸಿನ ಬಾಗಿಲು ಹಳದಿಯಾಗಿ ಹೊಳೆಯುತ್ತಿತ್ತು. ಕೆಲಸ ಒಳ್ಳೆಯದಾಗಿತ್ತು; ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. ಚೇಟಾಯಿ ಕುರ್ಚಿಯಲ್ಲಿ ಕೂತಿದ್ದ. ಅಂಗಿ ಅವನದೇ ಆದರೂ ಯಾರಿಂದಲೋ ತಂದುಹಾಕಿಕೊಂಡಂತೆ ಸಡಿಲವಾಗಿತ್ತು.

"ಬೇಬೀ, ಇವರಿಗೋಸ್ಕರ ನೀನೇ ಪ್ರಾರ್ಥನೆ ಮಾಡು," ಎಂದರು ಅತ್ತಿಗೆ.

ನಾನು ಎಂದಿನಂತೆ ಸರ್ವಶಕ್ತನೂ ಕೃಪಾಸಾಗರನೂ ಎಂದು ಶುರುಮಾಡಿದೆ. ಮಂಗಳೂರಿನ ಆಸ್ಪತ್ರೆಯ ತನಕ ಬಂದೆ. ಕೋಣೆಯ ನಂಬರು ಗೊತ್ತಿರಲಿಲ್ಲ. ಅಲ್ಲಿಗೆ ನಿಂತೆ. ಯಾರೋ ಕುರ್ಚಿ ಸರಿಸಿದ್ದು ಕೇಳಿಸಿತು. ಆಮೇಲೆ ಬಾಯಿಂದ ಬಂದದ್ದು ಇಷ್ಟೇ.

"ಕರ್ತನೇ, ನನಗೆ ಇವನ ಮೇಲೆ ಸಿಟ್ಟು ಉಂಟು. ಆದ್ರೆ ಇವ ಇಲ್ಲದೆ ನನಗೆ ಆಗುದಿಲ್ಲ."

ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಎಂಬ ನಿಯಮವನ್ನು ಮುರಿದವನು ಚೇಟಾಯಿ.

"ಕರ್ತನೇ, ಕೇಳದೆ ಕಡಿದದ್ದು ನನ್ನ ತಪ್ಪು. ಅವನಿಗೆ ಹೇಳು."

"ನನಗೆ ಕೇಳಿತು," ಎಂದೆ.

ಕಣ್ಣು ಬಿಟ್ಟೆ. ಅವನೂ ಬಿಟ್ಟಿದ್ದ. ಉಳಿದವರೆಲ್ಲ ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದರು, ಲೀಲಮ್ಮನೊಬ್ಬಳನ್ನು ಬಿಟ್ಟು.

"ಮಂಗಳವಾರ ನಾನೂ ಬರ್ತೇನೆ ಚೇಟಾಯಿ."

"ಬೇಗ ಹೊರಡ್ಲಿಕ್ಕುಂಟು," ಎಂದ.

ಆಮೇಲೆ ಅತ್ತಿಗೆ ಅಳುತ್ತಲೇ ಒಳಗೆ ಹೋಗಿ ಮರಗೆಣಸು ತಂದರು, ಎಲ್ಲರೂ ತಿಂದರು.

ಆಪರೇಷನ್ ಆಗಿದೆ, ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಮುಂದೆ ಹೇಗೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿಲ್ಲ, ನಮಗೂ ಕೇಳುವ ಧೈರ್ಯವಿಲ್ಲ. ಸಂಜೆ ನಾನು ಅವನ ಚಾವಡಿಗೆ ಹೋಗಿ ಕೂರುತ್ತೇನೆ. ಮಾತಾಡುತ್ತೇವೆ. ಮೊನ್ನೆ ಅವನೇ ಒಂದು ವಿಷಯ ಎತ್ತಿದ. ಆ ಭಾನುವಾರದ ಪ್ರಾರ್ಥನೆಗೆ ನಾನಾಗಲಿ, ಅವನಾಗಲಿ, ಕೂಟದವರಾಗಲಿ ಆಮೆನ್ ಹೇಳಲೇ ಇಲ್ಲವಂತೆ. ಯೋಚಿಸಿದೆ, ಹೌದು. ಈಗ ಹೇಳಿ ಮುಗಿಸುವುದಾ ಎಂದು ಕೇಳಿದೆ.

"ಬೇಡ ಮಾರಾಯ," ಎಂದ ಚೇಟಾಯಿ, "ಅದು ನಡೀತಾ ಇರಲಿ."